ಇಪ್ಪತ್ತೊಂದಕ್ಕೆ ಒಂದು ಕಡಿಮೆ

ಹೆಣ್ಣು ಹೆತ್ತವರ ಕಷ್ಟ ಸರ್ಕಾರಕ್ಕೆ ಗೊತ್ತಿಲ್ಲ ಎಂದು ನಾನು ಹೇಳಿದಾಗಲೆಲ್ಲ ನಮ್ಮವರು ಪೇಪರಿನಿಂದ ತಲೆ ಎತ್ತದೆ, ಯಾವ ಸರ್ಕಾರಕ್ಕೆ, ದಿಲ್ಲಿಯದ್ದಕ್ಕಾ ಇಲ್ಲಿಯದ್ದಕ್ಕಾ ಎಂದು ಕೇಳುತ್ತಾರೆ. ಬ್ಯಾಂಕಿನ ಮನುಷ್ಯ, ಪೂರ್ತಿ ವಿವರ ಸಿಗದೆ ಹೆಂಡತಿಗೆ ಅನುಕಂಪವನ್ನೂ ಮಂಜೂರು ಮಾಡುವವರಲ್ಲ. ಎರಡಕ್ಕೂ ಗೊತ್ತಿಲ್ಲ ಎಂದೇ ನನ್ನ ಉತ್ತರ. ಗೊತ್ತಿದ್ದಿದ್ದರೆ, ಇಪ್ಪತ್ತೊಂದು ತುಂಬದವರಿಗೆ ಮದ್ಯ ಕೊಡಬಾರದು ಎಂದು ಕಾನೂನು ಮಾಡುವ ಮೊದಲು ಮದುವೆಗೆ ಬಂದ ಹೆಣ್ಣುಮಕ್ಕಳ ತಾಯಂದಿರನ್ನು ಒಂದು ಮಾತು ಕೇಳುತ್ತಿದ್ದರು.

ನಮ್ಮ ಮನೆಯಲ್ಲಿ ಮದ್ಯ ಹೋಗಲಿ, ಕೆಮ್ಮಿನ ಔಷಧಿಯನ್ನೂ ವಾಸನೆ ನೋಡಿ ಕುಡಿಯುವವರು ನಾವು. ಆದರೂ ಆ ಕಾನೂನು ನಾವಿರುವ ಕಲ್ಕತ್ತೆಯ ಹೂಗ್ಲಿ ನದಿಯ ದಂಡೆಯಲ್ಲಿ ಕಾದು ಕುಳಿತು ನನ್ನನ್ನೇ ಹಿಡಿಯಿತು.

ವಿಷಯ ಇಷ್ಟೇ. ನನ್ನ ಮಗಳು ಆಶಾಲತಾಳಿಗೆ ನಾಲ್ಕು ವರ್ಷಗಳಿಂದ ಇಪ್ಪತ್ತು ವರ್ಷ. ನಾನು ಸುಳ್ಳು ಹೇಳುವವಳಲ್ಲ. ಉಡುಪಿಯಲ್ಲಿರುವ ರಾಜಲಕ್ಷ್ಮಿ ಚಿಕ್ಕಮ್ಮನ ಕಿವಿಗೆ (ನಮ್ಮ ಕಡೆಯ ಅರ್ಧ ಮದುವೆಗಳು ಅವರ ಬಾಯಿಂದ ಆಗಿವೆ, ಉಳಿದರ್ಧ ಅವರ ಬಾಯಿಂದಲೇ ತಪ್ಪಿವೆ) "ಹುಡುಗಿಗೆ ಇಪ್ಪತ್ತು" ಎಂದು ಹಾಕಿದಾಗ ಅವಳಿಗೆ ಸತ್ಯವಾಗಿಯೂ ಇಪ್ಪತ್ತೇ ಆಗಿತ್ತು. ಆಮೇಲೆ ಕಾಲ ಮುಂದೆ ಹೋಯಿತು, ನನ್ನ ಮಾತು ಇದ್ದಲ್ಲೇ ನಿಂತಿತು. ಆಡಿದ ಮಾತನ್ನು ವರ್ಷಕ್ಕೊಮ್ಮೆ ಬದಲಾಯಿಸಲು ನಾನೇನು ಚುನಾವಣೆಗೆ ನಿಂತವಳೇ?

ಇಪ್ಪತ್ತರ ಹುಡುಗಿ ಎಂ.ಎ. ಮುಗಿಸಿ ಯೂನಿವರ್ಸಿಟಿಯಲ್ಲಿ ಸಂಶೋಧನೆ ಮಾಡುವುದು ಹೇಗೆ ಎಂದು ಯಾರೋ ಚಿಕ್ಕಮ್ಮನನ್ನು ಕೇಳಿದರಂತೆ. ಅದಕ್ಕೂ ನನ್ನಲ್ಲಿ ಉತ್ತರವಿತ್ತು. ಶಾಲೆಯಲ್ಲಿ ಎರಡು ಸಲ ಡಬಲ್ ಪ್ರಮೋಶನ್ ಕೊಟ್ಟರು, ಒಂದರಿಂದ ಮೂರಕ್ಕೆ, ಐದರಿಂದ ಏಳಕ್ಕೆ ಎಂದೆ. ಪಾಪ, ಆಶಾ ಐದನೆಯ ಕ್ಲಾಸಿನ ಗಣಿತದಲ್ಲಿ ಪಾಸಾಗಲು ಪಟ್ಟ ಪಾಡು ನನಗೂ ಕಾಳಿಘಾಟಿನ ಅಮ್ಮನಿಗೂ ಮಾತ್ರ ಗೊತ್ತು.

ಏಳು ಗಂಡುಗಳನ್ನು ಮೂಗು ಮುರಿದು ತಳ್ಳಿದ ಆಶಾ, ಎಂಟನೆಯವನ ಫೋಟೋ ನೋಡಿ "ನೋಡುವ" ಎಂದಳು. ಆ ಒಂದು ಶಬ್ದಕ್ಕೆ ನಾನು ದೇವರ ಮುಂದೆ ತುಪ್ಪದ ದೀಪ ಹಚ್ಚಿದೆ. ಹುಡುಗ ರತ್ನಾಕರ, ಗಾರ್ಡನ್ ರೀಚಿನ ಹಡಗು ಕಟ್ಟುವ ಕಾರ್ಖಾನೆಯಲ್ಲಿ ಎಂಜಿನಿಯರ್, ಇಪ್ಪತ್ತೊಂಬತ್ತು ವರ್ಷ. ತಂದೆ ಪುರುಷೋತ್ತಮ ರಾಯರು ಕುಂದಾಪುರದಲ್ಲಿ ಹೆಡ್‌ಮಾಸ್ಟರ್ ಆಗಿ ನಿವೃತ್ತರಾದವರು, ಜಾತಕವನ್ನು ಮೂಸಿಯೂ ನೋಡದ ವಿಚಾರವಾದಿ. ಜಾತಕ ಬೇಡ ಎಂದರೆ ಹುಟ್ಟಿದ ವರ್ಷವೂ ಬೇಡ ಎಂದಾಯಿತಲ್ಲ! ಇಂಥ ಬೀಗರು ಏಳು ಜನ್ಮ ತಪಸ್ಸು ಮಾಡಿದರೂ ಸಿಗುವುದಿಲ್ಲ. ಅವರು ಹೆಂಡತಿ ಇಂದುಮತಿಯವರೊಂದಿಗೆ ಮಗನಲ್ಲಿಗೆ ಬಂದು, ಉಪ್ಪಿಟ್ಟು ಕೇಸರಿಬಾತಿನ ಶಾಸ್ತ್ರ ಬೇಡ, ಎಲ್ಲಾದರೂ ಸುಮ್ಮನೆ ಸೇರೋಣ ಎಂದು ಫೋನು ಮಾಡಿದರು.

ನಮ್ಮವರು ಮನೆಗೇ ಕರೆಯೋಣ ಎಂದರು. ನಮ್ಮ ಮನೆಗೆ! ಸದರ್ನ್ ಅವೆನ್ಯೂದ ಆ ಮನೆಯಲ್ಲಿ ನಾವಿರುವುದು ಇಪ್ಪತ್ತೈದು ವರ್ಷದಿಂದ. ಮೇಲಿನ ಮಹಡಿಯ ಬಂಗಾಳಿ ಹಿರಿಯಾಕೆ ಮಾಶಿಮಾ ಆಶಾಳ ಪ್ರತಿ ಹುಟ್ಟುಹಬ್ಬಕ್ಕೂ ಪಾಯೇಶ್ ಮಾಡಿ ಕಳಿಸಿದವರು, ಅದೂ ಎಷ್ಟನೆಯದು ಎಂದು ಕೇರಿಯವರಿಗೆಲ್ಲ ಸಾರಿ. ಬೀಗರ ಮುಂದೆ ಅವರು ಬಾಗಿಲು ತಳ್ಳಿಕೊಂಡು ಬಂದು, ಚೊಬ್ಬಿಶ್, ಇಪ್ಪತ್ನಾಲ್ಕು ಆಯ್ತು, ಇನ್ನಾದರೂ ಮದುವೆ ಮಾಡಿ ಎಂದರೆ ನನ್ನ ಗತಿ? ಆಗ ನನ್ನ ತಲೆಯಲ್ಲಿ ಮಿಂಚು ಹೊಡೆಯಿತು. ಊರಿನಿಂದ ದೂರ, ನಮ್ಮ ಗುರುತಿನವರು ಒಬ್ಬರೂ ಇಲ್ಲದ ಜಾಗ. ಡೈಮಂಡ್ ಹಾರ್ಬರ್ ರಸ್ತೆಯಲ್ಲಿ ಹೊಸದಾಗಿ ಒಂದು ರಿಸಾರ್ಟ್ ಆಗಿದೆಯಂತೆ, ನದಿಯ ಮೇಲೆಯೇ ಚಾಚಿಕೊಂಡ ಮರದ ಜಗಲಿಯಲ್ಲಿ ಕುಳಿತು ಊಟ ಮಾಡಬಹುದಂತೆ. ಮಾಶಿಮಾ ಅಲ್ಲಿಗೆ ಬರುವ ಸಂಭವವೇ ಇರಲಿಲ್ಲ, ಅವರಿಗೆ ಮಂಡಿನೋವು.

ಎರಡು ಸಾವಿರದ ಮೂರರ ಜನವರಿಯ ಒಂದು ಭಾನುವಾರ ಎರಡು ಟ್ಯಾಕ್ಸಿ ಮಾಡಿ ಹೊರಟೆವು. ಆಶಾ ನೀಲಿ ಸೀರೆ ಉಟ್ಟಿದ್ದಳು. ನನ್ನ ಎದೆಯಲ್ಲಿ ಆಗಲೇ ಓಲಗ ಶುರುವಾಗಿತ್ತು.

ರಿಸಾರ್ಟಿನ ಬಾಗಿಲಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡ ಮ್ಯಾನೇಜರ್ ಘೋಷಾಲ್ ಬಾಬು ಒಂದು ಮೇಜು ಹಾಕಿಕೊಂಡು ಕುಳಿತಿದ್ದರು. ಮೇಜಿನ ಮೇಲೆ ಎರಡು ಬುಟ್ಟಿ, ಒಂದರಲ್ಲಿ ಹಸಿರು ರಿಬ್ಬನ್, ಇನ್ನೊಂದರಲ್ಲಿ ಹಳದಿ. ಕಳೆದ ತಿಂಗಳು ಕಾಲೇಜಿನ ಹುಡುಗರು ಬಂದು, ಇಪ್ಪತ್ತೊಂದಾಗಿದೆ ಎಂದು ಸುಳ್ಳು ಹೇಳಿ, ಬಿಯರು ಕುಡಿದು ಒಬ್ಬ ನದಿಗೇ ಹಾರಿಬಿಟ್ಟನಂತೆ. ಠಾಣೆಯವರು ಬಂದು ಉಗಿದು ಹೋದ ಮೇಲೆ ಹೊಸ ಕಟ್ಟಳೆ. ನದಿಯ ಮೇಲಿನ ಜಗಲಿಯಲ್ಲಿ ಬಾರ್ ಇರುವುದರಿಂದ ಇಪ್ಪತ್ತೊಂದು ದಾಟಿದವರಿಗೆ ಮಾತ್ರ ಅಲ್ಲಿಗೆ ಪ್ರವೇಶ, ಕೈಗೆ ಹಸಿರು ರಿಬ್ಬನ್. ಉಳಿದವರಿಗೆ ಹಳದಿ ರಿಬ್ಬನ್, ಮಕ್ಕಳ ಪಾರ್ಕು, ಕಿತ್ತಳೆ ಶರಬತ್ತು. ಸಣ್ಣ ಪ್ರಾಯದವರಂತೆ ಕಂಡವರು ಗುರುತಿನ ಕಾರ್ಡು ತೋರಿಸಲೇಬೇಕು.

ನಾಲ್ವರು ಹಿರಿಯರ ಮುಖ ನೋಡಿಯೇ ಅವರು ಹಸಿರು ಕಟ್ಟಿದರು (ಅದನ್ನು ಗೌರವ ಎನ್ನಬೇಕೋ ಅವಮಾನ ಎನ್ನಬೇಕೋ ಯೋಚಿಸಲು ಆಗ ನನಗೆ ಪುರುಸೊತ್ತಿರಲಿಲ್ಲ). ರತ್ನಾಕರ ಕಾರ್ಖಾನೆಯ ಕಾರ್ಡು ತೋರಿಸಿ ಹಸಿರಾದ. ಆಶಾ ತನ್ನ ಪರ್ಸಿಗೆ ಕೈ ಹಾಕಿದಳು. ಅದರೊಳಗೆ ಯೂನಿವರ್ಸಿಟಿಯ ಕಾರ್ಡು, ಅದರ ಮೇಲೆ ಹುಟ್ಟಿದ ತಾರೀಕು, ಹೆಗಲ ಹತ್ತಿರವೇ ಇಂದುಮತಿಯವರ ಕಣ್ಣು! ನಾನು ಹದ್ದಿನ ಹಾಗೆ ಎರಗಿ ಪರ್ಸನ್ನು ಕಿತ್ತು ನನ್ನ ಚೀಲದೊಳಗೆ ತುರುಕಿದೆ.

"ಕಾರ್ಡು ತರ್ಲಿಲ್ಲ ಅವಳು. ಸಣ್ಣ ಹುಡುಗಿ, ಇಪ್ಪತ್ತೇ ವರ್ಷ. ಹಳದಿ ಕಟ್ಟಿ" ಎಂದು ಘೋಷಾಲ್ ಬಾಬುಗಳಿಗೆ ಹಿಂದಿಯಲ್ಲೂ, ಬೀಗರಿಗೆ ಕೇಳುವಂತೆ ಕನ್ನಡದಲ್ಲೂ ಘೋಷಿಸಿದೆ.

ನಮ್ಮವರು ಬಾಯಿ ತೆರೆದರು. ನಾನು ಅವರ ಪಾದದ ಮೇಲೆ ನನ್ನ ಪಾದವಿಟ್ಟೆ. ಬಾಯಿ ಮುಚ್ಚಿತು. ಇಪ್ಪತ್ತಾರು ವರ್ಷದ ದಾಂಪತ್ಯದಲ್ಲಿ ಇಷ್ಟಾದರೂ ಹೊಂದಾಣಿಕೆ ಬೇಡವೇ?

ಆಶಾ ನನ್ನತ್ತ ಒಂದು ನೋಟ ಬಿಟ್ಟಳು. ಅದರೆದುರು ಹಾಲಿಟ್ಟಿದ್ದರೆ ಒಡೆದು ಹೋಗುತ್ತಿತ್ತು. ಆಮೇಲೆ ಕೈ ಚಾಚಿ ಹಳದಿ ರಿಬ್ಬನ್ ಕಟ್ಟಿಸಿಕೊಂಡು, ಪ್ಲಾಸ್ಟಿಕ್ ಆನೆಯ ಜಾರುಬಂಡೆ ಇದ್ದ ಮಕ್ಕಳ ಪಾರ್ಕಿಗೆ ನಡೆದಳು. ಸಂಶೋಧನೆ ಮಾಡುವ ನನ್ನ ಮಗಳಿಗೆ ಯಾರೋ ಒಂದು ಬಲೂನನ್ನೂ ಕೊಟ್ಟರು. ಹುಡುಗ ಒಂದು ಕ್ಷಣ ಆಚೀಚೆ ನೋಡಿ, ಜಗಲಿಗೆ ಬರದೆ ಅವಳ ಹಿಂದೆಯೇ ಹೋದ. ದೂರದಿಂದ ನೋಡಿದರೆ ಇಬ್ಬರೂ ಏತದ ಹಲಗೆಯ ಎರಡು ತುದಿಯಲ್ಲಿ ಕುಳಿತು ಮೇಲೆ ಕೆಳಗೆ ಆಡುತ್ತಾ ಮಾತಾಡುತ್ತಿದ್ದರು. ಆಹಾ! ನನಗೆ ಅಲ್ಲೇ ಆರತಿ ಎತ್ತುವಷ್ಟು ಸಂತೋಷ.

ಜಗಲಿಯಲ್ಲಿ ಗಾಳಿ ಚೆನ್ನಾಗಿತ್ತು. ಗಂಡಸರಿಬ್ಬರೂ ಕಟಕಟೆಗೆ ಒರಗಿ ಹಡಗು ನೋಡುತ್ತಿದ್ದರು. ಇಂದುಮತಿಯವರು ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. ಹುಡುಗಿ ಚಂದ ಉಂಟು, ಬುದ್ಧಿಯೂ ಉಂಟು ಎಂದರು. ನಾನು ಮುಹೂರ್ತ ಏಪ್ರಿಲಿಗೋ ಮೇಗೋ ಎಂದು ಮನಸ್ಸಿನಲ್ಲೇ ಎಣಿಸತೊಡಗಿದೆ.

"ಆದ್ರೆ ಮನೋರಮಕ್ಕ, ಬೇಜಾರು ಮಾಡ್ಬೇಡಿ" ಎಂದರು ಇಂದುಮತಿ. "ಇದು ಆಗುದಿಲ್ಲ. ಒಂಬತ್ತು ವರ್ಷದ ಅಂತರ. ನಂಗೂ ಇವ್ರಿಗೂ ಹನ್ನೊಂದು. ಮದುವೆಯಾದಾಗ ನಂಗೆ ಹದಿನೆಂಟು. ಇವತ್ತಿಗೂ ಇವ್ರು ನನ್ನನ್ನು ಕ್ಲಾಸಲ್ಲಿ ನಿಲ್ಲಿಸಿದ ಹಾಗೆ ಮಾತಾಡ್ತಾರೆ. ನನ್ನ ಸೊಸೆಗೆ ಆ ಗತಿ ಬೇಡ ಅಂತ ನಾನು ಯಾವತ್ತೋ ಹರಕೆ ಹೊತ್ತದ್ದು. ಫೋನಲ್ಲಿ ಹೇಳ್ಲಿಕ್ಕೆ ಮನಸ್ಸು ಬರ್ಲಿಲ್ಲ, ಮುಖ ನೋಡಿ ಹೇಳುವ ಅಂತ ಬಂದೆವು. ಇಪ್ಪತ್ಮೂರೋ ಇಪ್ಪತ್ನಾಲ್ಕೋ ಆಗಿದ್ರೆ ಇವತ್ತೇ ವೀಳ್ಯ ಬದಲಾಯಿಸ್ತಿದ್ದೆ."

ನನ್ನ ಕಿವಿಯೊಳಗೆ ಹೂಗ್ಲಿ ನದಿ ಹೊಕ್ಕಂತಾಯಿತು. ಅಯ್ಯೋ ದೇವರೇ! ನಾಲ್ಕು ವರ್ಷ ಬೆಕ್ಕಿನಿಂದ ಹಾಲು ಕಾಯ್ದ ಹಾಗೆ ನಾನು ಕಾಯ್ದ ಇಪ್ಪತ್ತು, ಕೊನೆಗೆ ನನ್ನ ಮಗಳ ಕುತ್ತಿಗೆಗೇ ಬಂತಲ್ಲ! ಮಾನ ಮರ್ಯಾದೆ ನದಿಗೆ ಬಿಟ್ಟು, ಅವಳಿಗೆ ಇಪ್ಪತ್ನಾಲ್ಕು ಎಂದುಬಿಟ್ಟೆ.

ಇಂದುಮತಿಯವರು ನನ್ನ ಕೈಯನ್ನು ಮೆಲ್ಲಗೆ ತಟ್ಟಿದರು. ತಾಯಿಯ ಕರುಳು ತಮಗೆ ಅರ್ಥವಾಗುತ್ತದೆ, ಒಳ್ಳೆಯ ಸಂಬಂಧ ತಪ್ಪುವಾಗ ಯಾರಿಗಾದರೂ ಹೀಗೆಯೇ ವಯಸ್ಸು ಸೇರಿಸಿ ಹೇಳಬೇಕೆನಿಸುತ್ತದೆ ಎಂದರು. ಸೇರಿಸಿದ್ದಲ್ಲ, ಮೊದಲು ಕಳೆದದ್ದು ಎಂದೆ. ಡಬಲ್ ಪ್ರಮೋಶನ್ ಎಲ್ಲ ಬುರುಡೆ, ಐದನೆಯ ಕ್ಲಾಸಿನಲ್ಲಿ ಗಣಿತಕ್ಕೆ ಮೂವತ್ತಾರು ಅಂಕ ಎಂದೆ. ಮದುವೆಗೋಸ್ಕರ ಮಗಳ ಬುದ್ಧಿಯನ್ನು ಹಾಗೆಲ್ಲ ಹಳಿಯಬಾರದು ಎಂದು ಅವರು ನನಗೇ ಬುದ್ಧಿ ಹೇಳಿದರು. ಇಷ್ಟು ವರ್ಷ ಸುಳ್ಳು ಹೇಳಿದಾಗ ಜಗತ್ತೇ ನಂಬಿತ್ತು, ಸತ್ಯ ಹೇಳಿದರೆ ಒಬ್ಬ ಹೆಂಗಸು ನಂಬುವುದಿಲ್ಲ!

ಸಾಕ್ಷಿ ಬೇಕಿತ್ತು. ನಮ್ಮವರನ್ನು ಕೂಗಿ ಕರೆದೆ. ಮನುಷ್ಯ, ಜನ್ಮದಲ್ಲಿ ಸುಳ್ಳು ಹೇಳಿದವರಲ್ಲ. ಬ್ಯಾಂಕಿನಲ್ಲಿ ಇವರ ಹೆಸರೇ ಹರಿಶ್ಚಂದ್ರ. ಬೀಗರಿಬ್ಬರ ಮುಂದೆ ನಿಲ್ಲಿಸಿ, ನಮ್ಮ ಆಶಾಳಿಗೆ ಎಷ್ಟು ವರ್ಷ ಎಂದು ಕೇಳಿದೆ.

ಅವರು ನನ್ನ ಮುಖ ನೋಡಿದರು. ಆಮೇಲೆ ನನ್ನ ಪಾದ ನೋಡಿದರು. ಎರಡು ಹೆಜ್ಜೆ ಹಿಂದೆ ಸರಿದು, ಎದೆಯುಬ್ಬಿಸಿ, "ಇಪ್ಪತ್ತು" ಎಂದರು.

ಮದುವೆಯಾದಂದಿನಿಂದ ಹೆಂಡತಿಯ ಒಂದು ಮಾತಿಗೂ ಹೂಂಗುಟ್ಟದ ಈ ಪುಂಡಲೀಕರಾಯರಿಗೆ ನನ್ನ ಮಾತು ಉಳಿಸಲು ಆ ಗಳಿಗೆಯೇ ಸಿಗಬೇಕೇ? ಅವರ ಮುಖದಲ್ಲಿ ತ್ಯಾಗದ ಕಳೆ ಹೊಳೆಯುತ್ತಿತ್ತು. ನನಗೆ ಅಳು ಬಂತು, ಸಿಟ್ಟು ಬಂತು, ಎರಡರ ನಡುವೆ ಚೀಲ ನೆನಪಾಯಿತು. ಪರ್ಸು ಅದರೊಳಗೇ ಇದೆಯಲ್ಲ! ತೆಗೆದು, ಕಾರ್ಡನ್ನು ಪುರುಷೋತ್ತಮ ರಾಯರ ಕೈಗೆ ಕೊಟ್ಟೆ. ಹೆಡ್‌ಮಾಸ್ಟರು ಕನ್ನಡಕ ಏರಿಸಿ, ಕಾರ್ಡನ್ನು ಬೆಳಕಿಗೆ ಹಿಡಿದು ಓದಿದರು. ಸೆಪ್ಟೆಂಬರ್ ಎಪ್ಪತ್ತೆಂಟು. ನಾನು ಒಂದೇ ಉಸಿರಿಗೆ ಹೇಳಿಬಿಟ್ಟೆ. ಅದು ಕಲ್ಕತ್ತೆಗೆ ಆ ದೊಡ್ಡ ನೆರೆ ಬಂದ ತಿಂಗಳು, ಸೊಂಟದವರೆಗಿನ ನೀರಿನಲ್ಲಿ ಕೈರಿಕ್ಷಾದ ಮೇಲೆ ಕುಳಿತು ಆಸ್ಪತ್ರೆಗೆ ಹೋದವಳು ನಾನು, ಕೊಡೆ ಹಿಡಿದು ಹಿಂದೆ ಮುಳುಗುತ್ತಾ ಬಂದವರು ಇವರು ಎಂದೆ.

ನೆರೆಯ ಮಾತು ಬಂದದ್ದೇ ನಮ್ಮವರಿಗೆ ತ್ಯಾಗ ಮರೆತೇ ಹೋಯಿತು. ಕೊಡೆಯಲ್ಲ, ಫ್ಲಾಸ್ಕು ಎಂದು ತಿದ್ದಿದರು.

ಅಷ್ಟರಲ್ಲಿ ಜಗಲಿಗೆ ಅಡ್ಡ ಕಟ್ಟಿದ್ದ ಹಗ್ಗದ ಆಚೆಯಿಂದ ಆಶಾ ಕರೆದಳು. ಪಕ್ಕದಲ್ಲಿ ರತ್ನಾಕರ ಬಲೂನು ಹಿಡಿದು ನಿಂತಿದ್ದ.

"ಅಮ್ಮ, ಐ ಟೋಲ್ಡ್ ಹಿಮ್. ಕೂತ ಕೂಡ್ಲೇ ಹೇಳಿದೆ, ಟ್ವೆಂಟಿ ಫೋರ್ ಅಂತ. ಅವ್ನು ನಂಗೆ ನೋ ಹೇಳ್ಲಿಕ್ಕೆ ಬಂದದ್ದಂತೆ, ಈಗ ಯೆಸ್ ಅಂತೆ. ನಂದೂ ಯೆಸ್."

ಇಂದುಮತಿಯವರು ಎದ್ದು ಹಗ್ಗದ ಮೇಲಿನಿಂದಲೇ ಅವಳನ್ನು ಅಪ್ಪಿಕೊಂಡರು. ನನ್ನ ಕಣ್ಣಲ್ಲಿ ನೀರು ಸುರಿಯಿತು. ಕಾಳಿಘಾಟಿನ ಅಮ್ಮ, ಕಟೀಲಿನ ಅಮ್ಮ, ಇಬ್ಬರಿಗೂ ಒಟ್ಟಿಗೆ ಕೈ ಮುಗಿದೆ. ಪುರುಷೋತ್ತಮ ರಾಯರು, ಈ ಖುಷಿಗೆ ಎಲ್ಲರೂ ಜಗಲಿಯಲ್ಲಿ ಒಟ್ಟಿಗೆ ಕುಳಿತು ಎಳನೀರು ಕುಡಿಯೋಣ, ಮೊದಲು ಸೊಸೆಯ ರಿಬ್ಬನ್ ಬದಲಾಯಿಸಿ ಬರೋಣ ಎಂದು ಮೆರವಣಿಗೆ ಹೊರಡಿಸಿದರು.

ಘೋಷಾಲ್ ಬಾಬು ಕಾರ್ಡು ನೋಡಿದರು, ಆಶಾಳನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಈ ಮೇಜಿನ ಮುಂದೆ ವಯಸ್ಸು ಹೆಚ್ಚಿಸಿ ಹೇಳಿದವರನ್ನು ಬೇಕಾದಷ್ಟು ಕಂಡಿದ್ದೇನೆ, ಕಡಿಮೆ ಹೇಳಿದವರನ್ನು ಇವತ್ತೇ ಕಂಡದ್ದು, ಇದರ ಹಿಂದೆ ಏನೋ ಇದೆ ಎಂದರು. ಈ ಗುಂಪಿನಲ್ಲಿ ಇನ್ನು ಮುಖ ನೋಡಿ ಯಾರನ್ನೂ ಬಿಡುವುದಿಲ್ಲ, ಪ್ರತಿಯೊಬ್ಬರೂ ಕಾರ್ಡು ತೋರಿಸಬೇಕು ಎಂದು ನಮ್ಮೆಲ್ಲರ ರಿಬ್ಬನ್ ಬಿಚ್ಚಿಸಿದರು.

ನಮ್ಮವರು ಬ್ಯಾಂಕಿನ ಕಾರ್ಡು ಕೊಟ್ಟು ಹಸಿರಾದರು. ಬೀಗರಿಬ್ಬರೂ ಮತದಾರರ ಕಾರ್ಡು ಕೊಟ್ಟು ಹಸಿರಾದರು. ಹುಡುಗ ಹಸಿರು, ನನ್ನ ಮಗಳೂ ಹಸಿರು. ನನ್ನ ಕಾರ್ಡು ಮನೆಯ ಕಪಾಟಿನಲ್ಲಿತ್ತು. ಮರೆತದ್ದಲ್ಲ. ತಾಯಿಯ ವಯಸ್ಸು ನೋಡಿದರೆ ಮಗಳದ್ದನ್ನು ಲೆಕ್ಕ ಹಾಕುತ್ತಾರೆ ಎಂದು ಬೇಕೆಂದೇ ಬಿಟ್ಟು ಬಂದದ್ದು.

ಘೋಷಾಲ್ ಬಾಬು ಹಳದಿ ಬುಟ್ಟಿಗೆ ಕೈ ಹಾಕಿದರು. ನನ್ನ ತಲೆ ನೋಡಿ ಬಾಬು ಎಂದೆ. ನೋಡಿದರು, ಪೂರ್ತಿ ಕಪ್ಪು ಎಂದರು. (ಹಿಂದಿನ ದಿನವಷ್ಟೇ ಬಣ್ಣ ಹಚ್ಚಿದ್ದೆ.) ನಮ್ಮವರನ್ನು ನೋಡಿದೆ. ಇನ್ನು ತಾನು ಯಾರ ವಯಸ್ಸಿನ ಬಗ್ಗೆಯೂ ಬಾಯಿ ಬಿಡುವುದಿಲ್ಲ ಎಂದು ಆ ಹರಿಶ್ಚಂದ್ರ ಜಗಲಿಯತ್ತ ನಡೆದುಬಿಟ್ಟರು. ಬೀಗಿತ್ತಿ, ಇವರಿಗೆ ಎಷ್ಟೆಂದು ತನಗೂ ಖಾತ್ರಿಯಿಲ್ಲಪ್ಪ ಎಂದು ಸೆರಗು ಬಾಯಿಗೊತ್ತಿಕೊಂಡು ನಕ್ಕರು.

ಹೀಗೆ ನನ್ನ ಒಬ್ಬಳೇ ಮಗಳ ಮದುವೆ ಮಾತು, ಹೂಗ್ಲಿಯ ಮೇಲೆ ಸೂರ್ಯ ಮುಳುಗುವ ಹೊತ್ತಿಗೆ, ಜಗಲಿಯಲ್ಲಿ ಐದು ಎಳನೀರುಗಳ ನಡುವೆ ನಿಶ್ಚಯವಾಯಿತು. ನಾನು ಮಕ್ಕಳ ಪಾರ್ಕಿನ ಉಯ್ಯಾಲೆಯಲ್ಲಿ ಕುಳಿತು, ಕಿತ್ತಳೆ ಶರಬತ್ತು ಹೀರುತ್ತಾ, ಅಕ್ಷತೆ ಹಾಕುವಂತೆ ದೂರದಿಂದಲೇ ಕೈ ಬೀಸಿದೆ. ಒಬ್ಬಳು ಪುಟ್ಟ ಹುಡುಗಿ ಬಹಳ ಹೊತ್ತಿನಿಂದ ನನ್ನ ಮುಂದೆ ನಿಂತಿದ್ದಳು. ಮಾಶಿ, ನಿನಗೆ ಎಷ್ಟು ವರ್ಷ ಎಂದು ಬಂಗಾಳಿಯಲ್ಲಿ ಕೇಳಿದಳು.

ಇವತ್ತು ಆದದ್ದು ಸಾಕು ಎಂದು, ಸತ್ಯವನ್ನೇ ಹೇಳಿದೆ. ನಲವತ್ತೊಂಬತ್ತು.

"ಹಾಗಾದರೆ ಇಳಿ" ಎಂದಳು. "ಇದು ಹನ್ನೆರಡರ ಒಳಗಿನವರಿಗೆ."