ಮರಗಾಲಿನಿಂದ ಇಳಿಯುವುದು

ಇದರಲ್ಲಿ ಕೆಲವು ವಿವರ ತಪ್ಪಿರಬಹುದು. ನನ್ನ ನೆನಪು ತನಗೆ ಅನುಕೂಲವಾಗುವಂತೆ ತಿದ್ದುಪಡಿ ಮಾಡಿಕೊಳ್ಳುವ ಜಾತಿಯದು. ಆದರೆ ಅಕ್ಕನಿಗೆ ಕಳಿಸಿದ ಸಂದೇಶ ಫೋನಿನಲ್ಲೇ ಇದೆ. ಅದನ್ನು ತಿದ್ದುವ ದಾರಿಯಿಲ್ಲ.

ಶಿಕಾರಿಪುರದಲ್ಲಿ ನಾವು ಕಟ್ಟಿಸಿದ ಮನೆಯ ಗೃಹಪ್ರವೇಶ. ಸೊರಬದಲ್ಲಿರುವ ಸ್ವಂತ ಅಕ್ಕನನ್ನು ಮನೆಗೇ ಹೋಗಿ ಕುಂಕುಮ ಕೊಟ್ಟು ಕರೆಯಬೇಕು. ಇದು ನನಗೆ ಗೊತ್ತಿಲ್ಲದ್ದೇನಲ್ಲ. ಟೈಲ್ಸ್‌ನವನ ಹಿಂದೆ, ಪೇಂಟಿನವನ ಹಿಂದೆ ಓಡಾಡುತ್ತಿದ್ದವಳು ಕಾರ್ಡಿನ ಫೋಟೊ ಕಳಿಸಿ, ಬರೀ ಫೋಟೊ ಚೆನ್ನಾಗಿರುವುದಿಲ್ಲವೆಂದು ಕೆಳಗೆ ಬರೆದೆ: "ತಾವು ಸಕುಟುಂಬ ಸಪರಿವಾರ ಸಮೇತ ಆಗಮಿಸಿ ನಮ್ಮ ಆತಿಥ್ಯ ಸ್ವೀಕರಿಸಬೇಕಾಗಿ ವಿನಂತಿ." ಇದು ನನ್ನ ತಲೆಯ ಹೇನು ಹೆಕ್ಕಿದವಳಿಗೆ. ಅರ್ಧ ಗಂಟೆಯಲ್ಲಿ ಉತ್ತರ ಬಂತು: "ತಮ್ಮ ಆಹ್ವಾನ ತಲುಪಿದೆ. ಶುಭಾಶಯಗಳು." ಬರುತ್ತೇನೆಂದೂ ಇಲ್ಲ, ಬರುವುದಿಲ್ಲವೆಂದೂ ಇಲ್ಲ. ಅಮ್ಮ ಹೋದಮೇಲೆ ನಮ್ಮ ಮನೆಗಳಲ್ಲಿ ಹಾಲು ಉಕ್ಕಿಸುವವಳು ಅವಳೇ. ಅವಳು ಬಾರದಿದ್ದರೆ ಒಲೆ ಹಚ್ಚಲು ನನಗೆ ಕೈ ಬರುವುದಿಲ್ಲ.

ಮಗಳು ಎರಡನ್ನೂ ಓದಿ, ಎಷ್ಟು ಸ್ಟಿಲ್ಟೆಡ್ ಆಗಿದೆಯಮ್ಮ ಎಂದಳು. ಎಂ.ಎ. ಮಾಡಿದ ನನ್ನಂಥವಳಿಗೆ ಸಂಕಟ ಬಂದರೆ ನಿಘಂಟೇ ಗತಿ. ತೆಗೆದು ನೋಡಿದೆ. ಸಹಜವಲ್ಲದ, ಬಿಗುಮಾನದ ಮಾತು ಎಂದಿತ್ತು. ಮೂಲ ನೋಡಿದರೆ ಸ್ಟಿಲ್ಟ್, ಅಂದರೆ ಮರಗಾಲು, ಹತ್ತಿ ನಡೆಯುವ ಉದ್ದನೆಯ ಜೋಡಿ ಕೋಲು. ಅದರ ಮೇಲೆ ನಿಂತವರಂಥ ಮಾತು: ನೆಲದಿಂದ ಎತ್ತರ, ಪ್ರತಿ ಹೆಜ್ಜೆಗೂ ಬೀಳುವ ಭಯ.

ಪುಸ್ತಕ ಮುಚ್ಚಿದರೂ ಮನಸ್ಸು ಕೂರಲಿಲ್ಲ. ಚಿಕ್ಕಂದಿನಲ್ಲಿ ಕೆಸರಿನ ಅಂಗಳದಲ್ಲಿ ನಾವೂ ಮರಗಾಲು ಹತ್ತುತ್ತಿದ್ದೆವು. ಬಿದಿರಿನದೋ ಬೇರೆ ಮರದ್ದೋ, ಖಾತ್ರಿಯಿಲ್ಲ. ಹತ್ತುವುದು ಸುಲಭ, ಜಗುಲಿಯಿಂದ ಕಾಲಿಟ್ಟರಾಯಿತು. ಇಳಿಯಲು ಬಾರದೆ ಅಂಗಳದ ನಡುವೆ ನಿಂತು ಅಳುತ್ತಿದ್ದೆ. ಯಾರೋ ಬಂದು ಎರಡೂ ಕೋಲು ಹಿಡಿಯುತ್ತಿದ್ದರು. ಅಕ್ಕ ಎಂದೇ ನನ್ನ ನಂಬಿಕೆ.

ಮರುದಿನ ಕುಂಕುಮದ ಬಟ್ಟಲು ಹಿಡಿದು ಸೊರಬದ ಬಸ್ಸು ಹತ್ತಿದೆ. ಹೇಳಬೇಕಾದ ಮಾತನ್ನು ದಾರಿಯುದ್ದಕ್ಕೂ ತಿದ್ದಿದ್ದೇ ತಿದ್ದಿದ್ದು. ಇಳಿಯುವ ಹೊತ್ತಿಗೆ ಅದು ಅಧ್ಯಕ್ಷ ಭಾಷಣವಾಗಿತ್ತು.

"ಫೋನಲ್ಲೇ ಕರ್ದಾಗಿತ್ತಲ್ರೀ. ಈ ಬಿಸಿಲಲ್ಲಿ ಮತ್ತೆ ಯಾಕೆ ಬರಕ್ಕೆ ಹೋದ್ರಿ?" ಎಂದಳು ಅಕ್ಕ, ಬಾಗಿಲಲ್ಲೇ. ಯಾವಾಗಲೂ ಅಡುಗೆಮನೆ ಕಟ್ಟೆಯ ಮೇಲೆ ಹತ್ತಿ ಕೂರುತ್ತಿದ್ದ ನನಗೆ ಅವತ್ತು ಕುರ್ಚಿ ಒರೆಸಿ ಕೊಟ್ಟಳು. ಕಾಫಿ ಸಾಸರಿನ ಮೇಲೆ ಬಂತು. ಅದು ಬೀಗರು ಬಂದಾಗ ಮಾತ್ರ ಕಪಾಟಿನಿಂದ ಇಳಿಯುವ ಕಪ್ಪು.

ಕುಂಕುಮ ಕೊಟ್ಟೆ, ಇಟ್ಟುಕೊಂಡಳು. ಭಾಷಣದ ಒಂದು ಮಾತೂ ಹೊರಡಲಿಲ್ಲ. ಕೈಯಲ್ಲಿ ಸಾಸರು ಕಟಕಟ ಎನ್ನುತ್ತಿತ್ತು. ಅಕ್ಕ ಅದನ್ನು ಕಿತ್ತುಕೊಂಡು, ಕಾಫಿಯನ್ನು ನನ್ನ ಹಳೇ ಸೊಟ್ಟ ಸ್ಟೀಲ್ ಲೋಟಕ್ಕೆ ಬಗ್ಗಿಸಿಕೊಟ್ಟಳು. ಮನಸ್ಸು ಕರಗಿತೋ, ಸೆಟ್ಟು ಒಡೆದೀತೆಂಬ ಭಯವೋ, ಈಗಲೂ ತಿಳಿಯದು. ಬರುತ್ತೀಯಾ ಎಂದು ನೇರವಾಗಿ ಕೇಳುವ ಧೈರ್ಯ ನನಗೆ ಬರಲಿಲ್ಲ. ಗೃಹಪ್ರವೇಶಕ್ಕೆ ನಾಲ್ಕೇ ದಿನ ಉಳಿದಿದೆ. ಅವಳು ಒಲೆಯ ಕಡೆ ತಿರುಗಿದಾಗ ಅಷ್ಟು ದೂರದಿಂದ ಹೋಗಿ ನಾನು ಕೇಳಿದ್ದು ಇಷ್ಟೇ, ಅದಕ್ಕೂ ಇನ್ನೂ ಉತ್ತರವಿಲ್ಲ:

"ಅಕ್ಕ, ನಾನು ಮರಗಾಲಿಂದ ಇಳಿಯೋವಾಗ ಕೋಲು ಹಿಡ್ಕಳ್ತಿದ್ದಿದ್ದು ನೀನೇ ಅಲ್ವನೇ?"