ಕೌದಿಯ ಹೊಟ್ಟೆ ಕುರಿತು ಗ್ಯಾಲರಿಯ ನಿರ್ಣಯ

ಗಂಗಾವತಿಯ ಹಳೆಯ ಅಕ್ಕಿ ಗಿರಣಿಯೊಂದು ಈಗ ಪಾಶ್ಚಾತ್ಯೇತರ ಸಮಕಾಲೀನ ಕಲಾ ಗ್ಯಾಲರಿಯಾಗಿದೆ. ಪಾಶ್ಚಾತ್ಯರಲ್ಲದ ಕಲಾವಿದರ ಧ್ವನಿಯನ್ನು ಲೋಕಕ್ಕೆ ಕೇಳಿಸುವುದು ಇದರ ಧ್ಯೇಯ. ಯಾರು ಪಾಶ್ಚಾತ್ಯರಲ್ಲ ಎಂಬುದನ್ನು ತೀರ್ಮಾನಿಸುವ ಸಮಿತಿ ಜರ್ಮನಿಯಲ್ಲಿದೆ. ಅನುದಾನವೂ ಅಲ್ಲಿಂದಲೇ ಬರುವುದರಿಂದ ಈ ಬಗ್ಗೆ ಇಲ್ಲಿ ಯಾರಿಗೂ ಗೊಂದಲವಿಲ್ಲ. ಗಿರಣಿಯ ಮಾಲೀಕರಾದ ಬಸವಕುಮಾರ ಅವರೇ ನಿರ್ದೇಶಕರು. ಕೃತಿಗಳ ಕೆಳಗೆ ಇಂಗ್ಲಿಷ್ ಫಲಕ ಬರೆಯುವ ಕೆಲಸ ನನ್ನದು.

ಉದ್ಘಾಟನೆಯ ಹಿಂದಿನ ದಿನ ಒಂದು ಗೋಡೆ ಖಾಲಿ ಉಳಿದಿತ್ತು. ನಿರ್ದೇಶಕರು ಹತ್ತಿರದ ಮರಳಿ ಎಂಬ ಊರಿಗೆ ಹೋಗಿ, ಖಾಜಾಬೀ ಎಂಬ ಮುದುಕಿ ಹಳೆ ಸೀರೆಗಳ ಚೂರು ಸೇರಿಸಿ ಹೊಲಿಯುತ್ತಿದ್ದ ಕೌದಿಯನ್ನು ಸೂಜಿ ಸಮೇತ ತಂದರು. "ಎಂಟು ದಿನ ಅಷ್ಟ" ಎಂದಿದ್ದರಂತೆ. ಫೋಟೋ ಕಳಿಸಿದ ಮೇಲೆ ಜರ್ಮನಿಯಿಂದ ಮೆಚ್ಚುಗೆ ಬಂತು. ಹೀಗಾಗಿ ಕೌದಿ ಶಾಶ್ವತ ಸಂಗ್ರಹಕ್ಕೆ ಸೇರಿತು.

ಎಂಟು ದಿನ ಕಳೆದ ಮೇಲೆ ಖಾಜಾಬೀ ಅದನ್ನು ಹುಡುಕಿಕೊಂಡು ಬಂದಳು.

"ಧಣ್ಯಾರ, ಕೌದಿ ಕೊಡ್ರಿ. ಮಗಳು ತಸ್ಲೀಮಾಗ ದಿನ ತುಂಬ್ಯಾವ. ಹುಟ್ಟೋ ಕೂಸಿಗಂತ ಹೊಲ್ಯಾಕತ್ತಿದ್ದೆ. ಅದರ ಹೊಟ್ಟಿ ಇನ್ನಾ ತುಂಬಿಲ್ಲ."

"ಯಾರ ಹೊಟ್ಟಿ?"

"ಕೌದೀದ್ರಿ. ಕಡೀ ಮೂಲ್ಯಾಗ ಒಂದು ತುತ್ತು ರೊಟ್ಟಿ ಇಟ್ಟು ಹೊಲದು ಮುಚ್ಚಬೇಕು. ಹಸದ ಕೌದಿ ಕೂಸಿಗೆ ಹೊದಸಬಾರ್ದು."

ನಿರ್ದೇಶಕರು ತಾಳ್ಮೆಯಿಂದ ವಿವರಿಸಿದರು: ತೆರೆದ ಮೂಲೆಯೇ ಕೃತಿಯ ಸಂದೇಶ. ಅದನ್ನು ಮುಚ್ಚಿದರೆ ಕಲಾಕೃತಿಗೆ ಹಾನಿ ಮಾಡಿದಂತೆ. ಅಲ್ಲದೆ ಒಳಗೆ ತಿನಿಸು ನಿಷಿದ್ಧ.

"ಹೊಲಿದಾಕಿ ನಾನ ಅದೀನಲ್ರಿ ಯಪ್ಪಾ!"

"ಅದಕ್ಕ ನಿಮ್ಮ ಮ್ಯಾಲ ನಮಗ ಭಾಳ ಗೌರವ ಐತಿ. ಮುಟ್ಟಬ್ಯಾಡ್ರಿ."

ಆ ಮೂಲೆಯನ್ನು "ವಸಾಹತುಶಾಹಿಗೆ ಹಾಕಿದ ಪ್ರಶ್ನೆ" ಎಂದು ನಾನೇ ಫಲಕದಲ್ಲಿ ಬರೆದಿದ್ದೆ. ಖಾಜಾಬೀ ನನ್ನಿಂದಲೇ ಅದರ ಅರ್ಥ ಹೇಳಿಸಿಕೊಂಡಳು. "ನಾ ಯಾರಿಗೂ ಏನೂ ಕೇಳಿಲ್ಲವ್ವ, ಕೌದಿ ಕೇಳೀನಿ" ಎಂದಳು.

ಮರುದಿನ ಸೆರಗಿನಲ್ಲಿ ಜೋಳದ ರೊಟ್ಟಿ ಮುಚ್ಚಿಕೊಂಡು ಬಂದು ಸಿಕ್ಕಿಬಿದ್ದಳು. ರೊಟ್ಟಿಯ ಫೋಟೋ ಜರ್ಮನಿಗೆ ಹೋಯಿತು. ಅದೂ ಸ್ವೀಕೃತವಾಗಿ, ಗಾಜಿನ ಪೆಟ್ಟಿಗೆ ಸೇರಿತು. ಅಷ್ಟರಲ್ಲಿ ತಸ್ಲೀಮಾ ಹೆತ್ತಳು, ಗಂಡು. ಖಾಜಾಬೀ ಬಾಗಿಲಲ್ಲೇ ಕುಳಿತುಬಿಟ್ಟಳು. ಆಗ ಈ ಪ್ರಕಟಣೆ ಹೊರಬಿತ್ತು:

"ಸದರಿ ರೊಟ್ಟಿಯು ಕೌದಿಯ ಎದುರಿಗೇ ಇರುವುದರಿಂದ, ಕೌದಿಯ ಹೊಟ್ಟೆಯು ಪರಿಕಲ್ಪನೆಯ ಮಟ್ಟದಲ್ಲಿ ತುಂಬಿದೆಯೆಂದು ಭಾವಿಸತಕ್ಕದ್ದು. ಕೌದಿಯ ಕೆಳಗೆ ಮಲಗಿದ ಕೂಸು ಅದನ್ನು ಹೊದ್ದಿದೆಯೆಂದು ಭಾವಿಸತಕ್ಕದ್ದು. ಕೂಸು ಕೃತಿಯ ಭಾಗವಾದ್ದರಿಂದ ಅದಕ್ಕೆ ಟಿಕೆಟ್ ಇಲ್ಲ, ತಾಯಿಗೆ ಇದೆ."

ಬಟ್ಟೆ ಹಾಳಾಗದಂತೆ ಒಳಗೆ ಸದಾ ಏಸಿ. ಗೋಡೆಯ ಬುಡದಲ್ಲಿ ಕೂಸನ್ನು ಮಲಗಿಸಲಾಯಿತು. ಸ್ವೆಟರ್ ತೊಟ್ಟು ಬಂದ ಗಣ್ಯರು ಕೃತಿಯ ಬಿಸುಪನ್ನು ಹೊಗಳಿದರು. ಟ್ರ್ಯಾಕ್ಟರಿನಲ್ಲಿ ಬಂದ ಮರಳಿಯ ಜನ ಮೊದಲು ಮುಖ ಮುಖ ನೋಡಿಕೊಂಡರು. ಆಮೇಲೆ ಗಣ್ಯರನ್ನು ನೋಡಿ, "ಹೌದಹೌದು, ಭಾಳ ಬೆಚ್ಚಗೈತಿ" ಎಂದರು. ಖಾಜಾಬೀಗೆ ಶಾಲು ಹೊದಿಸಿ ಸನ್ಮಾನಿಸಲಾಯಿತು. ಅವಳು ಎಲ್ಲರನ್ನೂ ನೋಡಿದಳು, ಗೋಡೆಯನ್ನೂ ನೋಡಿದಳು.

ಕೂಸು ಸೀನಿತು. ತಸ್ಲೀಮಾ ತಾಯಿಯ ಹೆಗಲಿನ ಶಾಲು ಎಳೆದು ಕೂಸಿನ ಮೇಲೆ ಹಾಕಿದಳು.

"ತೆಗಿ ಬೇಟಿ," ಖಾಜಾಬೀ ಗದರಿದಳು. "ಕೌದಿ ಮ್ಯಾಲ ಮತ್ತ ಶಾಲು ಹೊದಸಿದ್ರ ಕೂಸಿಗೆ ಸೆಕಿ ಆಕ್ಕೈತಿ."