ಅಣ್ಣನ ಹುಳುಮನೆಗೆ ನಾನು ಆರಿಸಿದ ಕಂಪ್ಯೂಟರ್

ಮನೆಯಲ್ಲಿ ಒಬ್ಬನೇ ಓದಿದವನಿದ್ದರೆ, ಅವನು ಎಲ್ಲವನ್ನೂ ಓದಿದ್ದಾನೆ ಎಂದು ಉಳಿದವರು ನಂಬಿಬಿಡುತ್ತಾರೆ. ನಾನು ಬಿ.ಕಾಂ. ನಮ್ಮ ವಂಶದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಕೇಳದವರಿಗೂ ಹೇಳಿದ್ದೇನೆ. ಆದರೆ ಬಿ.ಕಾಂ. ಎಂದರೆ ಡೆಬಿಟ್ಟು ಕ್ರೆಡಿಟ್ಟು ಅಷ್ಟೇ ಎಂಬುದನ್ನು ಬೈರಾಪಟ್ಟಣದ ನಮ್ಮ ಮನೆಯವರಿಗೆ ಬಿಡಿಸಿ ಹೇಳುವ ಧೈರ್ಯ ಇವತ್ತಿನವರೆಗೂ ಬಂದಿಲ್ಲ. ಯಾರದೋ ಕಾಲು ಮುರಿದರೆ ಎಕ್ಸ್‌ರೇ ನನ್ನ ಕೈಗೆ ಬರುತ್ತದೆ. ಬಿಸಿಲಿಗೆ ಹಿಡಿದು "ಹೂಂ" ಎನ್ನುತ್ತೇನೆ. ಅವರಿಗೆ ಅಷ್ಟೇ ಸಮಾಧಾನ. ಒಮ್ಮೆ ಹಸು ಮೇವು ಬಿಟ್ಟಾಗಲೂ ನನ್ನನ್ನೇ ಕೊಟ್ಟಿಗೆಗೆ ಕರೆದುಕೊಂಡು ಹೋಗಿದ್ದರು. ಹಸುವೊಂದೇ ನನ್ನನ್ನು ಅನುಮಾನದಿಂದ ನೋಡಿತು.

ಹೀಗಿರುವಾಗ ಅಣ್ಣ ಕ್ಯಾಮೆರಾದ ಮಾತು ತೆಗೆದ. ಅಣ್ಣ ಪುಟ್ಟಸ್ವಾಮಿ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು ರೇಷ್ಮೆ ಹುಳು ಸಾಕಲು ನಿಂತಿದ್ದರಿಂದಲೇ ನಾನು ಓದಿದ್ದು. ಅದನ್ನು ಅವನು ಒಂದು ದಿನವೂ ಎತ್ತಿ ಆಡಿದವನಲ್ಲ. ನಾನು ಹಾರೋಹಳ್ಳಿಯ ಫ್ಯಾಕ್ಟರಿಯಲ್ಲಿ ಲೆಕ್ಕಪತ್ರದ ಕುರ್ಚಿ ಹಿಡಿದು, ಕನಕಪುರದಲ್ಲಿ ಮನೆ ಮಾಡಿದ ಮೇಲೂ ನನ್ನಿಂದ ಏನನ್ನೂ ಕೇಳಿರಲಿಲ್ಲ. ಆ ವರ್ಷಗಳಲ್ಲಿ ರಸ್ತೆ ಅಗಲವಾಗಿ, ಕಾರ್ಖಾನೆಗಳು ಬಂದು, ನಮ್ಮ ಕಡೆ ಗುರುತಿಲ್ಲದ ಜನ ಓಡಾಡತೊಡಗಿದ್ದರು. ಗುರುತಿದ್ದವರೋ ಇಲ್ಲದವರೋ, ಮನೆ ಸುತ್ತಲ ತೋಟದಲ್ಲಿ ಹಿಪ್ಪುನೇರಳೆ ಸೊಪ್ಪನ್ನು ಯಾರೋ ಕೊಯ್ದುಕೊಂಡು ಹೋಗುತ್ತಿದ್ದರು. ಹಣ್ಣಾಗಿ ಗೂಡು ಕಟ್ಟುವ ಮುಂಚೆ ಹುಳು ಹಗಲೂ ರಾತ್ರಿ ತಿನ್ನುತ್ತದೆ. ಆಗ ಸೊಪ್ಪು ಸಾಲದೆ ಹೋದರೆ ಗೂಡಿಲ್ಲ, ಬೆಳೆಯಿಲ್ಲ.

"ಲೋ ಕುಮಾರ, ನಿಮ್ ಫ್ಯಾಕ್ಟ್ರಿ ಗೇಟ್‌ನಾಗೆ ಐತಲ್ಲ, ಅಂಗೆ ಮನೆ ಸುತ್ತ ನಾಕು ಕ್ಯಾಮೆರಾ ಹಾಕುಸ್ಬೇಕು ಕಣ್ಲಾ," ಎಂದ ಅಣ್ಣ. "ಚನ್ನಪಟ್ಣದ ಇಮ್ರಾನು ವೈರು ಎಳ್ದು ಕೊಡ್ತಾನಂತೆ. ಕಂಪ್ಯೂಟ್ರು ಮಾತ್ರ ನಾವೇ ತಂದ್ಕೊಬೇಕಂತೆ. ಎಂಥದ್ದು ತರ್ಬೇಕು ಅಂತ ನೀನೇ ಒಸಿ ನೋಡು. ನಂಗೇನ್ ಗೊತ್ತಾಯ್ತದೆ."

ಅಣ್ಣ ನನ್ನನ್ನು ಕೇಳಿದ ಮೊದಲ ಕೆಲಸ ಅದು. ನನಗೂ ಗೊತ್ತಿಲ್ಲ ಎಂದರೆ, ಇವನನ್ನು ಓದಿಸಿದ್ದೇ ದಂಡವಾಯಿತಲ್ಲ ಎಂದುಕೊಂಡಾನು ಎಂದು ಹೆದರಿದೆ. "ಅದೇನ್ ಮಹಾ ಬಿಡಣ್ಣ," ಅಂದುಬಿಟ್ಟೆ.

ಬೆಂಗಳೂರಿನ ಅಂಗಡಿಯಲ್ಲಿ ಆ ಮಹಾ ಏನೆಂದು ತಿಳಿಯಿತು. ಕಂಪ್ಯೂಟರಿನ ಬಗ್ಗೆ ನನಗಿದ್ದ ಜ್ಞಾನವೆಂದರೆ, ಬೆಳಿಗ್ಗೆ ಆಫೀಸಿನಲ್ಲಿ ಅದನ್ನು ಹಾಕುವುದು, ಸಂಜೆ ಆರಿಸುವುದು. ಅಂಗಡಿಯವನು ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು, ಎಷ್ಟು ದಿನದ ಚಿತ್ರ ಹಾರ್ಡ್‌ಡಿಸ್ಕಿನಲ್ಲಿ ಉಳಿಯಬೇಕು ಎಂದು ಒಂದೊಂದಾಗಿ ಕೇಳಿದ. ನಾನು ಗಲ್ಲ ಕೆರೆದುಕೊಂಡು, ಎಲ್ಲದಕ್ಕೂ "ದೊಡ್ಡದೇ ಇರಲಿ" ಎಂದೆ. ಮದುವೆ ಮನೆಗೆ ಪಾತ್ರೆ ತರುವವರ ಲೆಕ್ಕಾಚಾರ. "ಸಾರ್‌ಗೆ ಎಲ್ಲಾ ಗೊತ್ತಿದೆ," ಎಂದ ಅವನು. ಆ ಒಂದು ಮಾತಿಗೆ ನಾನು ಉಬ್ಬಿಹೋದೆ. ನಾಲ್ಕು ಕ್ಯಾಮೆರಾಗಳನ್ನು ಸೇರಿಸುವ ಕಾರ್ಡು ಬೇಕೇ ಬೇಕಿತ್ತು, ಸರಿ. ಅದರ ಜೊತೆಗೆ, ಬೆನ್ನ ಮೇಲೆ ಫ್ಯಾನು ಹೊತ್ತು ನೀಲಿ ದೀಪ ಹೊಳೆಯಿಸುವ ಇನ್ನೊಂದು ಕಾರ್ಡನ್ನೂ ತೋರಿಸಿ, "ಚಿತ್ರ ಕಣ್ಣಿಗೆ ಕಟ್ಟಿದಂಗೆ ಬರ್ತದೆ ಸಾರ್," ಎಂದ. ಅದನ್ನೂ ಹಾಕಿಸಿದೆ. ಎಲ್ಲ ಆದ ಮೇಲೆ ನನ್ನೊಳಗಿನ ಬಿ.ಕಾಂ. ಎದ್ದು ಕೂತಿತು. ಇಷ್ಟೆಲ್ಲ ಸಾಮಾನು ಒಳಗಿರುವಾಗ ಹೊರಗಿನ ಡಬ್ಬಕ್ಕೇಕೆ ದುಡ್ಡು ಸುರಿಯಬೇಕು ಎಂದು, ಇದ್ದುದರಲ್ಲೇ ಅಗ್ಗದ ಡಬ್ಬ ಆರಿಸಿದೆ. ಕರೆಂಟನ್ನು ಒಳಗೆಲ್ಲ ಹಂಚುವ ಪೆಟ್ಟಿಗೆ ಆ ಡಬ್ಬದ ಜೊತೆಗೇ ಬರುತ್ತದೆಂದು ನನಗೆ ಯಾರೂ ಹೇಳಲಿಲ್ಲ. ಎಲ್ಲಾ ಗೊತ್ತಿರುವವನಿಗೆ ಯಾರು ಹೇಳುತ್ತಾರೆ?

ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂದಾಗ ಅಣ್ಣ ಯೋಚಿಸಲೇ ಇಲ್ಲ. "ಮನ್ಯಾಗೆ ಧೂಳು, ಮಕ್ಳು ಮುಟ್ತವೆ. ಹುಳುಮನ್ಯಾಗೆ ಮಡಗು," ಎಂದ. ನಮ್ಮ ಕಡೆ ಹುಳು ಸಾಕುವ ಕೋಣೆಯೆಂದರೆ ದೇವರ ಮನೆಗಿಂತ ಒಂದು ಕೈ ಮೇಲು. ಹೊಸ್ತಿಲಲ್ಲಿ ಸುಣ್ಣದ ಪುಡಿ ತುಳಿದು, ಕೈ ತೊಳೆದು ಒಳಗೆ ಹೋಗಬೇಕು, ಹೊರಗಿನವರು ಕಾಲಿಡುವಂತಿಲ್ಲ. ಆಗ ಕೋಣೆ ಖಾಲಿಯಿತ್ತು. ಇಮ್ರಾನ್ ಬಂದು ಕಂಬಗಳ ಮೇಲೆ ನಾಲ್ಕು ಕ್ಯಾಮೆರಾ ಕಟ್ಟಿ, ಮೂರನ್ನು ಕಂಪ್ಯೂಟರಿಗೆ ಸೇರಿಸಿ, ವೈರು ಮುಗಿಯಿತೆಂದು ಹೊರಟುಹೋದ. ಮೂರರಲ್ಲೂ ಚಿತ್ರ ಬಂತು. ಕಳ್ಳತನ ನಿಂತೇಹೋಯಿತು. ಅಷ್ಟರಲ್ಲಿ ಅಣ್ಣ ಹೊಸ ಹುಳು ತಂದ. ಆಮೇಲೊಂದು ದಿನ ಇಮ್ರಾನ್ ಮತ್ತೆ ಬಂದು ಹೊರಗಿನಿಂದಲೇ ನಾಲ್ಕನೆಯದರ ವೈರು ಎಳೆದು ಕೊಟ್ಟ. ಅಣ್ಣ ಒಳಗೆ ಅದನ್ನು ಸಿಕ್ಕಿಸಿದ್ದೇ ತಡ, ಕಂಪ್ಯೂಟರ್ ಗಪ್ಪೆಂದು ಆರಿತು. ಅವತ್ತಿನಿಂದ ಹಾಕಿದರೆ ಆರುತ್ತದೆ, ಹಾಕಿದರೆ ಆರುತ್ತದೆ. ಅತ್ತಿಗೆ ಈ ವಿಷಯವನ್ನು ನೀರಿನ ನಲ್ಲಿಯ ಹತ್ತಿರ ಹೇಳಿಕೊಂಡರು. ಮರುದಿನವೇ ತೋಟದಲ್ಲಿ ಎರಡು ಸಾಲು ಬೋಳಾಗಿತ್ತು.

ಇಮ್ರಾನ್ ರಿಪೇರಿಗೆ ಬಂದ ಭಾನುವಾರ ಹುಳುಗಳು ಕೊನೆಯ ಜ್ವರದಲ್ಲಿದ್ದವು. ಪೊರೆ ಕಳಚಲು ಮೇವು ಬಿಟ್ಟು ಮಲಗುವುದನ್ನು ನಾವು ಜ್ವರ ಎನ್ನುತ್ತೇವೆ. ಎದ್ದ ಮೇಲೇ ಅವುಗಳ ನಿಜವಾದ ಹಸಿವು. ಇನ್ನೆರಡು ಸಾಲು ಕಳೆದುಕೊಂಡರೆ ಬೆಳೆ ಕೈಬಿಟ್ಟಂತೆ. ಅತ್ತಿಗೆ ಬಾಗಿಲಿಗೆ ಅಡ್ಡ ನಿಂತರು. "ನೀನು ಎಷ್ಟೇ ಒಳ್ಳೆಯೋನಾಗು ಇಮ್ರಾನಪ್ಪ, ಒಳಿಕ್ ಮಾತ್ರ ಬಿಡಾಕಿಲ್ಲ."

"ನಾನ್ ಒಳಗ್ ಹೋಗ್ದೆ ರಿಪೇರಿ ಹೆಂಗಕ್ಕಾ ಮಾಡೋದು?"

"ನಮ್ ಕುಮಾರ ಇಲ್ಲೇ ಅವ್ನಲ್ಲ. ಓದಿರೋನು."

ನಾನು ಸುಣ್ಣ ತುಳಿದು ಒಳಗೆ ಹೋದೆ. ನೊಣ ತಡೆಯುವ ಬಲೆ ಹೊಡೆದ ಕಿಟಕಿಯಾಚೆ ಇಮ್ರಾನ್ ಮತ್ತು ಅಣ್ಣ ನಿಂತರು. ರ‍್ಯಾಮ್ ತೆಗೆದು ಊದಿ ಎಂದ ಇಮ್ರಾನ್. ಊದಿದೆ. ಏನೂ ಆಗಲಿಲ್ಲ. ಇನ್ನೊಂದು ಸಲ ಊದಿ ಎಂದ. ಅದೂ ಆಯಿತು. ಕೊನೆಗೆ, ಒಳಗೆ ಏನೇನಿದೆ ಓದಿ ಹೇಳಿ ಎಂದ. ನಾನು ನೀಲಿ ದೀಪದ ಕಾರ್ಡಿನ ಹೆಸರು ಓದಿದ್ದೇ ಅವನು ಹಣೆ ಹಿಡಿದುಕೊಂಡ.

"ಅಲ್ಲಾ ಸಾರ್, ಅದು ಹುಡುಗ್ರು ಗೇಮ್ ಆಡೋ ಕಾರ್ಡು. ಇದ್ದಬದ್ದ ಕರೆಂಟೆಲ್ಲ ಅದೇ ಕುಡೀತದೆ. ಈ ಡಬ್ಬದ ಪೆಟ್ಟಿಗೆ ತಡೆಯಲ್ಲ. ಯಾರ್ ಸಾರ್ ಇದನ್ನ ಆರಿಸಿದ ಪುಣ್ಯಾತ್ಮ?"

ನಾನು ಹುಳುಗಳ ಕಡೆ ನೋಡಿದೆ. ಅವು ಸುಖವಾಗಿ ಮಲಗಿದ್ದವು.

"ಅಂಗಡಿಯೋನು ಏನೋ ತಲೆಗ್ ಕಟ್ಟವ್ನೆ ಕಣಯ್ಯ," ಎಂದ ಅಣ್ಣ. "ಈಗೇನ್ ಮಾಡ್ಬೇಕು ಅದ್ ಹೇಳು."

ಆ ಕಾರ್ಡನ್ನು ಕಿತ್ತು, ಪರದೆಯ ವೈರನ್ನು ಕಂಪ್ಯೂಟರಿನದೇ ತೂತಿಗೆ ಸಿಕ್ಕಿಸಿದೆ. ನಾಲ್ಕು ಚೌಕದಲ್ಲೂ ತೋಟ ಮೂಡಿತು. ಸಂಜೆಯವರೆಗೂ ಆರಲಿಲ್ಲ. ಅತ್ತಿಗೆ ಕೊಡ ಹಿಡಿದು ನಲ್ಲಿಯ ಕಡೆ ಹೊರಟರು. ಈ ಸುದ್ದಿಯೂ ತಲುಪಬೇಕಲ್ಲ. ಆ ಸಲ ಮತ್ತೆ ಸೊಪ್ಪು ಹೋಗಲಿಲ್ಲ. ಹುಳುಗಳು ಗೂಡು ಚೆನ್ನಾಗಿಯೇ ಕಟ್ಟಿದವು.

ಆ ಭಾನುವಾರ ಸಂಜೆ ಇಮ್ರಾನ್ ಹೋದ ಮೇಲೆ ಅಣ್ಣ ನನ್ನ ಪಕ್ಕ ಕೂತ. "ಗೊತ್ತಿಲ್ಲ ಅಂದಿದ್ರೆ ನಾನೇನ್ ಅಂತಿದ್ನಾ ಲೇ? ಇಬ್ರೂ ಹೋಗಿ ಕೇಳ್ಕಂಡ್ ಬತ್ತಿದ್ವಿ. ನೀನ್ ಓದಿರೋದ್ ಓದಿದ್ದೀಯ. ಎಲ್ಲಾನೂ ಯಾರ್ ಓದವ್ರೆ." ಇನ್ನು ಮುಂದೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಬೇಕೆಂದು ಅಲ್ಲೇ ತೀರ್ಮಾನ ಮಾಡಿದೆ.

ಅಷ್ಟರಲ್ಲಿ ಅತ್ತಿಗೆ ನೀರು ತಂದಿಳಿಸಿ, ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಕೇಳಿದರು: "ಕುಮಾರ, ನಮ್ಮ ತೋಟದ ಮೂಲೇಲಿ ಮೊಬೈಲ್ ಟವರ್ ನಿಲ್ಲುಸ್ತೀವಿ ಅಂತ ಯಾರೋ ಕೇಳ್ಕಂಡ್ ಬಂದಿದ್ರು. ಅದ್ರಿಂದ ಹುಳಕ್ಕೆ ಏನಾರಾ ಆಯ್ತದಾ?"

ನಾನು ಗೊತ್ತಿಲ್ಲ ಎನ್ನಲು ಬಾಯಿ ತೆರೆದೆ.

"ಅದು ಫ್ರೀಕ್ವೆನ್ಸಿ ಮೇಲೆ ಹೋಗುತ್ತೆ ಅತ್ತಿಗೆ," ಎಂದೆ.

ಅಣ್ಣ ಕುಡುಗೋಲು ಎತ್ತಿಕೊಂಡು, ಏಳಲಿರುವ ಹುಳುಗಳಿಗೆ ಸೊಪ್ಪು ಕೊಯ್ಯಲು ಹೊರಟುಹೋದ.